ಗೋಮಾಳದ ಬಳ್ಳಾರಿ ಜಾಲಿ: ನಾಲ್ಕು ವಿಷಯದವರ ಲೆಕ್ಕ ಒಂದು ಕೋಷ್ಟಕಕ್ಕೆ ತರೋದು ಹೇಗೆ?

ಗೋಮಾಳ_ಕೊಪ್ಪಳ
ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನ ಮೂರು ಊರಿನ ಗೋಮಾಳದಲ್ಲಿ ಬಳ್ಳಾರಿ ಜಾಲಿಯಿಂದ ಜನರಿಗೆ ಏನು ಸಿಗುತ್ತೆ, ಏನು ಹೋಗುತ್ತೆ ಅನ್ನೋದು ನಮ್ಮ ಅಧ್ಯಯನದ ವಿಷಯ. ಸಸ್ಯಶಾಸ್ತ್ರದವರು ಹುಲ್ಲು ಕಮ್ಮಿ ಆಗಿದೆ ಅಂತಾರೆ. ಮಣ್ಣಿನವರು ಸಾವಯವ ಇಂಗಾಲ ಹೆಚ್ಚಿದೆ ಅಂತಾರೆ. ಅರ್ಥಶಾಸ್ತ್ರದವರು ಇದ್ದಿಲಿನ ಆದಾಯ ತೋರಿಸ್ತಾರೆ. ಮನೆ ಸಮೀಕ್ಷೆ ಊರಿನ ಮಟ್ಟದ್ದು, ಮಣ್ಣು ಒಂದೊಂದು ಗುಂಡಿಯದ್ದು, ಉಪಗ್ರಹ ನಕ್ಷೆ ಇಡೀ ತಾಲ್ಲೂಕಿನದ್ದು. ಎಲ್ಲಿಂದ ಸರಿ ಮಾಡಬೇಕು?

ಎರೆಮಣ್ಣು_ರಾಯಚೂರು
ಮಣ್ಣಿನ ಮಾದರಿ ಗಿಡದ ನೆರಳಲ್ಲಿ ತೆಗೆದದ್ದೋ, ಬಯಲಲ್ಲೋ? ಅದನ್ನ ಮೊದಲು ಕೇಳ್ರಿ. ಜಾಲಿ ಸಾರಜನಕ ಹಿಡಿಯೋ ಗಿಡ, ಎಲೆನೂ ಅಲ್ಲೇ ಉದುರುತ್ತೆ. ಬುಡದಲ್ಲಿ ಇಂಗಾಲ ಏರಿರುತ್ತೆ, ನಾಲ್ಕು ಹೆಜ್ಜೆ ಆಚೆ ಅಷ್ಟು ಇರೋದಿಲ್ಲ. ನೆರಳಿನ ಅಂಕಿಯನ್ನ ಇಡೀ ಗೋಮಾಳಕ್ಕೆ ಗುಣಿಸಿದರೆ ಲೆಕ್ಕ ಉಬ್ಬುತ್ತೆ.

20 ಮೀಟರ್ × 20 ಮೀಟರ್ ತಾಕು ಗುರುತಿಸ್ರಿ, ಎರೆ (ಕಪ್ಪು ಮಣ್ಣು) ಮತ್ತು ಮಸಾರಿಗೆ (ಕೆಂಪು ಮಣ್ಣು) ಬೇರೆ ಬೇರೆ. ಪ್ರತಿ ತಾಕಿಗೆ ಒಂದೇ ಸಂಖ್ಯೆ, ನಾಲ್ಕೂ ಜನ ಅದನ್ನೇ ಬರೀಬೇಕು. ಮಣ್ಣು 0–15 ಸೆಂ.ಮೀ., ನೆರಳಿನದ್ದು ಒಂದು ಚೀಲ, ಬಯಲಿನದ್ದು ಇನ್ನೊಂದು; ಕೊನೆಗೆ ತಾಕಿನಲ್ಲಿ ನೆರಳಿನ ಪಾಲು ಎಷ್ಟೋ ಅದಕ್ಕೆ ತಕ್ಕಂತೆ ಸರಾಸರಿ. ಹುಲ್ಲಿಗೂ ಅದೇ ತಾಕು: 1 ಚದರ ಮೀಟರ್ ಚೌಕಟ್ಟು, ಎರಡು ನೆರಳಿನ ಒಳಗೆ, ಎರಡು ನೆರಳಿನ ಹೊರಗೆ. ಅಕ್ಟೋಬರ್ ಕೊನೆಗೆ ನೆಲಮಟ್ಟಕ್ಕೆ ಕೊಯ್ದು, 65–70 ಡಿಗ್ರಿಯಲ್ಲಿ ತೂಕ ನಿಲ್ಲೋವರೆಗೆ ಒಣಗಿಸ್ರಿ. ಚೌಕಟ್ಟಿನ ಜಾಗಕ್ಕೆ ಜೂನ್‌ನಲ್ಲೇ ಮುಳ್ಳು ಬೇಲಿ ಹಾಕಿರಬೇಕು. ಇಲ್ಲಾಂದ್ರೆ ನೀವು ಅಳೆಯೋದು ಬೆಳೆದ ಹುಲ್ಲಲ್ಲ, ಕುರಿ ಬಿಟ್ಟ ಹುಲ್ಲು.

ನಕ್ಷೆಕೆಲಸ
ನಕ್ಷೆಗೆ ಮಾರ್ಚ್–ಏಪ್ರಿಲ್ ಚಿತ್ರ ಬಳಸಿ. ಆಗ ಉಳಿದದ್ದೆಲ್ಲ ಒಣಗಿ ಜಾಲಿ ಮಾತ್ರ ಹಸಿರಾಗಿ ಎದ್ದು ಕಾಣುತ್ತೆ. ಆದರೆ ಬೇವು ಮತ್ತು ಕೊಳವೆಬಾವಿ ತೋಟ ಅದರೊಳಗೆ ಬೆರೆಯುತ್ತವೆ. ಗಂಗಾವತಿ, ಸಿಂಧನೂರು ಕಡೆ ಹೋದರೆ ಬೇಸಿಗೆ ಭತ್ತ ಇನ್ನೊಂದು ತಲೆನೋವು. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ 10 ಮೀಟರ್, ಒಂಟಿ ಗಿಡ ಸಿಗೋದಿಲ್ಲ. ಮೇಲೆ ಹೇಳಿದ ತಾಕುಗಳನ್ನೇ ನಕ್ಷೆ ಸರಿಯಿದೆಯೇ ಅನ್ನೋ ನೆಲದ ಪರೀಕ್ಷೆಗೆ ಇಟ್ಟುಕೊಳ್ಳಿ.

ಲೆಕ್ಕದಕ್ಕ
ನಿಂತ ಗಿಡದ ಇಂಗಾಲಕ್ಕೂ ಬೆಲೆ, ಅದೇ ಗಿಡ ಸುಟ್ಟ ಇದ್ದಿಲಿಗೂ ಬೆಲೆ ಕಟ್ಟಿದ್ದೀರಾ? ಹಾಗಿದ್ದರೆ ಒಂದೇ ಮರ ಎರಡು ಸಲ ಮಾರಿದಂಗೆ. ಒಣ ಕಟ್ಟಿಗೆ 10 ಟನ್ ಅಂದರೆ ಇಂಗಾಲ ಸುಮಾರು 4.7 ಟನ್, ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ 17.2 ಟನ್. ಇದು ದಾಸ್ತಾನು, ಅಂದರೆ ಈಗ ನಿಂತಿರೋ ಒಟ್ಟು. ಇದ್ದಿಲು ಹರಿವು, ಅಂದರೆ ವರ್ಷವರ್ಷ ಬರೋದು. ಎರಡನ್ನ ಒಂದೇ ಕಾಲಮ್ಮಿನಲ್ಲಿ ಕೂಡಿಸಬೇಡಿ. ಇದ್ದಿಲಿನ ಆದಾಯದಲ್ಲಿ ಕಡಿಯೋ, ಭಟ್ಟಿ ಕಾಯೋ ಕೂಲಿ ಕಳೀರಿ. ಉಳಿದದ್ದೇ ಗಿಡದ ಕೊಡುಗೆ.

ಯಾರಿಗೆ ಸಿಕ್ಕಿತು ಅನ್ನೋ ಕಾಲಮ್ಮು ಖಂಡಿತ ಬೇಕು. ಇದ್ದಿಲಿನ ಹಣ ಗುತ್ತಿಗೆದಾರನಿಗೆ, ಹುಲ್ಲಿನ ನಷ್ಟ ಕುರಿಯವರಿಗೆ. ಒಟ್ಟು ಮೊತ್ತದಲ್ಲಿ ಇದು ಮುಚ್ಚಿಹೋಗೋದು ಅನ್ಯಾಯ. ಉರುವಲಿನ ಬಗ್ಗೆ ಮನೆ ಯಜಮಾನರನ್ನ ಬಿಟ್ಟು ಹೊರೆ ಹೊರೋ ಹೆಣ್ಣುಮಕ್ಕಳನ್ನ ಕೇಳಿ, ಅದೂ ಹೋದ ವಾರದ್ದು. ಕೆಲವು ಹೊರೆ ತೂಗಿಯೇ ನೋಡಿ.

ಕುರಿದೊಡ್ಡಿ
ಕುರಿಯವರೂ ಜಾಲಿಗೆ ಪೂರ್ತಿ ವಿರೋಧ ಅಲ್ರಿ, ಬೇಸಿಗೆಗೆ ಕಾಯಿ ಮೇವು. ಆದರೆ ಬೀಜ ಹಿಕ್ಕೆಯಲ್ಲಿ ಹೋಗಿ ದಾರಿಯುದ್ದಕ್ಕೂ ಮೊಳೀತದ. ಲಾಭ ನಷ್ಟ ಎರಡೂ ಕಡೆ ಬರೀರಿ. ಮತ್ತ ಜಾಲಿ ತೆಗೆಯೋ ಖರ್ಚು ಹಾಕೋವಾಗ ಬರೀ ಕಡಿಯೋ ಕೂಲಿ ಹಾಕಬ್ಯಾಡ್ರಿ. ಬುಡ ಅಗೆದು ಕೀಳದಿದ್ರ ಮತ್ತ ಹತ್ತು ಕವಲು ಚಿಗೀತದ.

ಗೋಮಾಳ_ಕೊಪ್ಪಳ
ಈ ವರ್ಷದ ಹುಲ್ಲು ಬೇಲಿ ಇಲ್ಲದೆ ಕೊಯ್ದಾಗಿದೆ. ಬಿಸಾಡಬೇಕಾ?

ಎರೆಮಣ್ಣು_ರಾಯಚೂರು
ಬ್ಯಾಡ್ರಿ. "ಮೇಯ್ದ ಮೇಲೆ ಉಳಿದದ್ದು" ಅಂತ ಹೆಸರು ಬದಲಿಸಿ ಇಡ್ರಿ. ಮುಂದಿನ ವರ್ಷ ಬೇಲಿ ಒಳಗೊಂದು, ಹೊರಗೊಂದು ಕೊಯ್ದರೆ ಕುರಿ ಎಷ್ಟು ಮೇಯ್ದವು ಅನ್ನೋ ಅಂದಾಜೂ ಸಿಗ್ತದ.