ಕಲ್ಲಿದ್ದಲಿನ ಮೀಥೇನ್: ಲೆಕ್ಕದಲ್ಲಿರುವ ಗ್ಯಾಸೆಲ್ಲ ಕೈಗೆ ಸಿಗುತ್ತಾ?

ಪ್ರಶ್ನೆ:
ಪ್ರಾಜೆಕ್ಟಿಗಾಗಿ ಒಂದು ಲೆಕ್ಕ ಹಾಕಿದ್ದೇನೆ. 10 ಚದರ ಕಿಲೋಮೀಟರ್ ಜಾಗ, 5 ಮೀಟರ್ ದಪ್ಪದ ಕಲ್ಲಿದ್ದಲು ಪದರ, ಸಾಂದ್ರತೆ 1.4. ಅಲ್ಲಿಗೆ 7 ಕೋಟಿ ಟನ್. ಟನ್ನಿಗೆ 8 ಘನ ಮೀಟರ್ ಗ್ಯಾಸ್ ಹಿಡಿದರೆ ಒಟ್ಟು 56 ಕೋಟಿ ಘನ ಮೀಟರ್. ಇಷ್ಟು ಇಂಧನ ಇದೆ ಅಂತ ಬರೆಯಬಹುದಾ?

ಉತ್ತರ 1:
ಗುಣಾಕಾರ ಸರಿಯಾಗಿದೆ. ಆದರೆ ಅದು ನೆಲದಡಿ ಇರುವ ಗ್ಯಾಸ್. ಮೇಲೆ ಬರುವ ಗ್ಯಾಸ್ ಲೆಕ್ಕವೇ ಬೇರೆ. ಎರಡನ್ನೂ ಒಂದೇ ಅಂತ ಬರೆದಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲು ಆ 8 ಎಲ್ಲಿಂದ ಬಂತು ಅಂತ ನೋಡಿ. ನನ್ನ ಕೆಲಸವೇ ಅದನ್ನು ಅಳೆಯುವುದು. ಕೋರ್, ಅಂದರೆ ಪದರದಿಂದ ಕೊರೆದು ತೆಗೆದ ಕಲ್ಲಿದ್ದಲಿನ ತುಂಡು, ಮೇಲೆ ಬಂದ ತಕ್ಷಣ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುತ್ತೇವೆ. ಪದರದಲ್ಲಿದ್ದಷ್ಟೇ ಬಿಸಿಯಿರುವ ನೀರಿನಲ್ಲಿ ಇಡುತ್ತೇವೆ. ಹೊರಬಂದ ಗ್ಯಾಸ್ ಅಳತೆ ಕೊಳವೆಯಲ್ಲಿ ನೀರನ್ನು ಕೆಳಗೆ ತಳ್ಳುತ್ತದೆ. ಅದನ್ನು ಮೊದಮೊದಲು ನಿಮಿಷ ನಿಮಿಷಕ್ಕೂ ಓದಬೇಕು, ಆಮೇಲೆ ದಿನಕ್ಕೊಮ್ಮೆ, ಹೀಗೆ ವಾರಗಟ್ಟಲೆ. ಕೊನೆಗೆ ಕಲ್ಲಿದ್ದಲನ್ನು ಪುಡಿ ಮಾಡಿ ಒಳಗೆ ಉಳಿದದ್ದನ್ನು ಅಳೆಯುತ್ತೇವೆ. ಕೋರ್ ಮೇಲೆತ್ತುವಾಗಲೇ ತಪ್ಪಿಸಿಕೊಂಡ ಗ್ಯಾಸ್ ಮಾತ್ರ ಬರೀ ಅಂದಾಜು. ಡಬ್ಬಿ ಮುಚ್ಚಲು ತಡವಾದಷ್ಟೂ ಆ ಅಂದಾಜಿನ ಮೇಲೆ ನಂಬಿಕೆ ಕಡಿಮೆ.

ಇನ್ನು ಐಸೋಥರ್ಮ್. ಯಾವ ಒತ್ತಡದಲ್ಲಿ ಕಲ್ಲಿದ್ದಲು ಎಷ್ಟು ಗ್ಯಾಸ್ ಹಿಡಿಯಬಲ್ಲದು ಅಂತ ತೋರಿಸುವ ಗೆರೆ ಅದು. ಪದರದ ಒತ್ತಡ 45 ಬಾರ್ (ಬಾರ್ ಅಂದರೆ ಒತ್ತಡದ ಅಳತೆ), ಅಲ್ಲಿ ಟನ್ನಿಗೆ 12 ಘನ ಮೀಟರ್ ಹಿಡಿಯಬಲ್ಲದು, ಇರುವುದು 8 ಅಂದುಕೊಳ್ಳಿ. ಪದರದಲ್ಲಿರುವ ನೀರನ್ನು ತೆಗೆದರೆ ಒತ್ತಡ ಇಳಿಯುತ್ತದೆ, ಒತ್ತಡ ಸಾಕಷ್ಟು ಇಳಿದರೆ ಕಲ್ಲಿದ್ದಲು ಗ್ಯಾಸ್ ಬಿಡುತ್ತದೆ. ಗೆರೆಯ ಮೇಲೆ 8 ಬರುವುದು 20 ಬಾರ್‌ನಲ್ಲಿ ಅಂತಾದರೆ, ಒತ್ತಡ ಅಲ್ಲಿಗೆ ಇಳಿಯುವವರೆಗೂ ಬರೀ ನೀರನ್ನೇ ಪಂಪ್ ಮಾಡುತ್ತಿರಬೇಕು. 5 ಬಾರ್‌ಗೆ ಬಾವಿ ನಿಲ್ಲಿಸಿದರೆ ಸುಮಾರು 3 ಒಳಗೇ ಉಳಿಯುತ್ತದೆ. ಸಿಗುವುದು ಹೆಚ್ಚೆಂದರೆ 5.

ಪ್ರಶ್ನೆ ಕೇಳಿದವರು:
ಹಾಗಾದರೆ 35 ಕೋಟಿ ಅಂತ ಬರೆಯಲಾ?

ಉತ್ತರ 1:
ದಯವಿಟ್ಟು ಬೇಡ. ಒತ್ತಡ ಇಡೀ ಪದರದಲ್ಲಿ ಒಂದೇ ಸಮನೆ ಇಳಿದರೆ ಮಾತ್ರ 35. ಇಳಿಯಬೇಕಾದರೆ ಕಲ್ಲಿದ್ದಲಿನ ಕ್ಲೀಟ್‌ಗಳಲ್ಲಿ, ಅಂದರೆ ಸಣ್ಣ ಸಣ್ಣ ಬಿರುಕುಗಳಲ್ಲಿ, ನೀರು ಸಲೀಸಾಗಿ ಹರಿಯಬೇಕು. ಆಳ ಹೆಚ್ಚಿದ ಹಾಗೆ ಮೇಲಿನ ಭಾರಕ್ಕೆ ಅವು ಒತ್ತಿಕೊಂಡು ಮುಚ್ಚುತ್ತವೆ. ಪರ್ಮಿಯಬಿಲಿಟಿ, ಅಂದರೆ ಪದರದೊಳಗೆ ನೀರು, ಗ್ಯಾಸ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು, 1 ಮಿಲಿಡಾರ್ಸಿಗಿಂತ (ಅದನ್ನು ಅಳೆಯುವ ಮಾನ) ಕೆಳಗಿದ್ದರೆ ಗ್ಯಾಸ್ ಎಷ್ಟೇ ಇರಲಿ, ಹೊರತೆಗೆಯುವುದು ಬಲು ಕಷ್ಟ. ಅಮೆರಿಕದ ಪೌಡರ್ ರಿವರ್ ಬೇಸಿನ್ ಅನ್ನುವ ಕಲ್ಲಿದ್ದಲು ಪ್ರದೇಶ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಟನ್ನಿಗೆ ಸಿಗುವ ಗ್ಯಾಸ್ ತೀರಾ ಕಡಿಮೆ. ಆದರೂ ಪದರ ದಪ್ಪ, ಆಳ ಕಡಿಮೆ, ಹರಿವು ಚೆನ್ನಾಗಿದೆ. ಹಾಗಾಗಿ ಸಾವಿರಾರು ಬಾವಿ ಕೊರೆದರು.

ಉತ್ತರ 2:
ಅದೇ ಪೌಡರ್ ರಿವರ್‌ನಲ್ಲಿ ನೀರಿನ ಜಗಳವೂ ಜೋರಾಗಿತ್ತು, ಅಲ್ವಾ? ಮೇಲೆ ಬಂದ ನೀರಿನಲ್ಲಿ ಸೋಡಿಯಂ ಜಾಸ್ತಿ ಇದ್ದರೆ ಹೊಲಕ್ಕೆ ಬಿಡುವ ಹಾಗಿಲ್ಲ, ಜೇಡಿಮಣ್ಣು ಗಟ್ಟಿಯಾಗಿಬಿಡುತ್ತದೆ. ಶುದ್ಧ ಮಾಡುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಗ್ಯಾಸ್ ಸೋರಿಕೆಯನ್ನೂ ಬಿಡಬೇಡಿ. ಸುಡದೆ ಸೋರಿದ ಮೀಥೇನ್ ಗಾಳಿಗೆ ಸೇರಿದರೆ, 100 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ.

ಉತ್ತರ 1:
ನಿಜ. ಸದ್ಯಕ್ಕೆ 56 ಕೋಟಿಯ ಮುಂದೆ 'ನೆಲದಡಿ ಇರುವುದು' ಅಂತಷ್ಟೇ ಬರೆಯಿರಿ. ಬಾವಿಯಲ್ಲಿ ಪರ್ಮಿಯಬಿಲಿಟಿ ಟೆಸ್ಟ್ ಆಗಿದೆಯಾ? ಆಗಿದ್ದರೆ ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ಕೂತು ನೋಡೋಣ.