ಜನರೇಟರ್ ಟ್ರೈಲರ್ ಎಳೆಯೋ ಪಿಕಪ್‌ಗೆ ಹಿಂದ ಏರ್ ಬ್ಯಾಗ್ ಹಾಕಿಸಬೇಕೇನ್ರಿ?

ಗಂಗಾವತಿ ಶಾಮಿಯಾನ:

ಎಲ್ಲರಿಗೂ ನಮಸ್ಕಾರ್ರಿ. ಶಾಮಿಯಾನ, ಲೈಟಿಂಗ್, ಜನರೇಟರ್ ಬಾಡಿಗಿ ಕೊಡೋದು ನಮ್ಮ ಧಂದೆ. 1.7 ಟನ್ನಿನ ಬೊಲೆರೊ ಪಿಕಪ್ ಐತಿ. ಡಬ್ಬಿಯೊಳಗ ಪೈಪು, ಬಟ್ಟಿ ಗಂಟು, ಕೇಬಲ್ ಡ್ರಮ್, ಫೋಕಸ್ ಲೈಟು. ಹಿಂದ ಎರಡು ಗಾಲಿ ಟ್ರೈಲರ್ ಮ್ಯಾಲೆ ಸೈಲೆಂಟ್ ಜನರೇಟರ್. ಟ್ರೈಲರ್‌ಗೂ ಬ್ಯಾರೆ ಆರ್‌ಸಿ ಐತಿ, ಆ ಮಾತು ಯಾರೂ ಎತ್ತಬ್ಯಾಡ್ರಿ.

ಟ್ರೈಲರ್ ಕೊಂಡಿಗೆ ಹಾಕಿದ ಕೂಡ್ಲೆ ಗಾಡಿ ಹಿಂದ ಕುಂದ್ರತೈತಿ, ಮೂತಿ ಮ್ಯಾಲೆ ಏಳತೈತಿ. ರಾತ್ರಿ ಕಾರಟಗಿ ರೋಡಿಗೆ ಹೊಂಟ್ರ, ನಾನು ಡಿಮ್‌ನ್ಯಾಗ ಇದ್ರೂ ಎದುರಿನವ್ರು ಒಬ್ಬರಾದ ಮ್ಯಾಲೆ ಒಬ್ಬರು ಡಿಪ್ಪರ್ ಹೊಡಿತಾರ. ಹಂಪ್ ಹಾರಿದ್ರ ಹಿಂದಿನ ಆಕ್ಸಲ್ ರಬ್ಬರ್ ಸ್ಟಾಪರ್‌ಗೆ ದಡ್ ಅಂತ ಬಡಿತೈತಿ. ಸ್ಟೇರಿಂಗೂ ಹಗುರ ಅನಸ್ತೈತಿ.

ಒಂದು ಅಂಗಡಿಯವ್ರು ಏರ್ ಬ್ಯಾಗ್ ಕಿಟ್‌ಗೆ (ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವ ಕೂಡ್ಸೋ, ಗಾಳಿ ತುಂಬೋ ರಬ್ಬರ್ ಬಲೂನು), ಸಣ್ಣ ಕಂಪ್ರೆಸರ್ ಸಮೇತ, ಮೂವತ್ತೆರಡು ಸಾವಿರ ಹೇಳ್ಯಾರ. "ಹಾಕಿಸ್ರಿ, ಇನ್ನೂ ಅರ್ಧ ಟನ್ ಜಾಸ್ತಿ ಹೇರಬಹುದು" ಅಂತಾರ. ನಮ್ಮ ಮಾವ ಅಂತೂ ಹಿಂದಿನ ಸ್ಪ್ರಿಂಗ್ ಕಟ್ಟಿಗೆ ಇನ್ನೂ ಎರಡು ಪಾಟಾ (ಉಕ್ಕಿನ ಪಟ್ಟಿ) ಏರಿಸಿಬಿಡು ಅಂತ ಕುಂತಾನ. ಗವಿಮಠದ ಜಾತ್ರಿ ಒಳಗ ಏನರ ಒಂದು ಮಾಡಬೇಕು. ತಿಳಿದವ್ರು ಹೇಳ್ರಿ.

ಸಿಂಧನೂರು ಲೋಡ್:

ಮಾವ ಹೇಳಿದ್ದೇ ಖರೆ. ಎರಡು ಪಾಟಾ ಏರಿಸ್ರಿ, ಮುಗೀತು. ನಮ್ಮ ಕಡಿ ಭತ್ತ ಹೇರೋ ಗಾಡಿ ಎಲ್ಲಾ ಹಂಗೇ ಅವ. ಬಲೂನ್‌ಗೀಲೂನ್ ಶೋಕಿ ಮಂದಿಗೆ.

ಬಳ್ಳಾರಿ ಕಮಾನ್:

ಭತ್ತ ಹೇರೋ ಗಾಡಿಗೆ ಸಿಂಧನೂರಿನವರ ಮಾತು ಸರಿ, ಅದು ಹೊರಟಿತು ಅಂದ್ರೆ ತುಂಬಿಕೊಂಡೇ ಓಡುತ್ತೆ. ಶಾಮಿಯಾನದ ಗಾಡಿ ಹಂಗಲ್ಲ. ಸಾಮಾನು ಇಳಿಸಿ ಖಾಲಿ ವಾಪಸ್ ಬರ್ತೀರಿ, ಎರಡು ದಿನ ಬಿಟ್ಟು ಖಾಲಿ ಹೋಗ್ತೀರಿ. ಹೆಚ್ಚಿಗೆ ಪಾಟಾ ಏರಿಸಿದ ಗಾಡಿ ಖಾಲಿ ಇದ್ದಾಗ ಹಿಂದಿನ ಗಾಲಿ ರೋಡು ಹಿಡಿಯೋದಿಲ್ಲ. ಮಳೆಗಾಲದಾಗೆ ಬ್ರೇಕ್ ಒತ್ತಿ ನೋಡ್ರಿ, ಗೊತ್ತಾಗುತ್ತೆ.

ನಾನು ಬಳ್ಳಾರಿಯಾಗೆ ಕಮಾನ್ ಪಾಟಾ ಕೆಲಸ ಮಾಡೋನು. ಸಂಡೂರಿನ ಅದಿರು ಲಾರಿಗಳ ಕಾಲದಿಂದ ಇದೇ ಸುತ್ತಿಗೆ, ಇದೇ ಯು ಬೋಲ್ಟ್. ಹಂಗಂತ ಏರ್ ಬ್ಯಾಗಿಗೆ ವೈರಿ ಅಲ್ಲ, ನಾನೇ ಕೂಡಿಸಿ ಕೊಟ್ಟೀನಿ. ಆದರೆ ನಿಮ್ಮ ಪೋಸ್ಟ್‌ನಾಗೆ ಒಂದು ಕೆಜಿ ಲೆಕ್ಕಾನೂ ಇಲ್ಲ. ತೂಕ ಗೊತ್ತಿಲ್ಲದೆ ಏನು ಹಾಕಿಸಿದ್ರೂ ಅದು ಅಂದಾಜೇ.

ಮೊದಲು ಆ ಅಂಗಡಿಯವರ ಮಾತು ತಲೆಯಿಂದ ತೆಗೀರಿ. ಏರ್ ಬ್ಯಾಗ್ ಹಾಕಿದ್ರೆ ಗಾಡಿ ಹೊರೋ ತೂಕ ಒಂದು ಕೆಜಿನೂ ಜಾಸ್ತಿ ಆಗೋದಿಲ್ಲ. ಆಕ್ಸಲ್ ಅದೇ, ಬೇರಿಂಗ್ ಅದೇ, ಟೈರ್ ಅದೇ, ಬ್ರೇಕ್ ಅದೇ. ಆರ್‌ಸಿಯಾಗೆ ಬರೆದಿರೋ ತೂಕಾನೂ ಅದೇ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 194ರಾಗೆ 20,000 ದಂಡ, ಮ್ಯಾಲೆ ಹೆಚ್ಚಿಗೆ ಇರೋ ಒಂದೊಂದು ಟನ್ನಿಗೆ 2,000. "ಸಾರ್, ಗಾಡಿ ನೆಟ್ಟಗೆ ನಿಂತೈತೆ ನೋಡ್ರಿ" ಅಂದ್ರೆ ಯಾರೂ ಬಿಡೋದಿಲ್ಲ.

ಈಗ ಲೆಕ್ಕ. ಟ್ರೈಲರ್ ಮೂಕಿ, ಅಂದ್ರೆ ಅದರ ಮುಂದಿನ ಎಳೆಯೋ ಕಂಬಿ, ಕೊಂಡಿ ಮ್ಯಾಲೆ ಎಷ್ಟು ಭಾರ ಹಾಕುತ್ತೆ ಅನ್ನೋದೇ ಇಲ್ಲಿ ಅಸಲು ವಿಷಯ. ಕೊಂಡಿ ಇರೋದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅದಕ್ಕೇ ಕೊಂಡಿ ಮ್ಯಾಲೆ 100 ಕೆಜಿ ಬಿದ್ದರೆ ಹಿಂದಿನ ಆಕ್ಸಲ್ ಮ್ಯಾಲೆ 100 ಅಲ್ಲ, ಅದಕ್ಕಿಂತ ಜಾಸ್ತಿ ಬೀಳುತ್ತೆ. ಆ ಜಾಸ್ತಿ ಭಾರ ಮುಂದಿನ ಆಕ್ಸಲ್‌ನಿಂದ ಎದ್ದು ಬಂದಿದ್ದು. ನಿಮ್ಮ ಲೈಟು ಆಕಾಶ ನೋಡೋದು, ಸ್ಟೇರಿಂಗ್ ಹಗುರ ಆಗೋದು ಎರಡೂ ಅದರಿಂದಲೇ. ಏರ್ ಬ್ಯಾಗ್ ಹಿಂಭಾಗ ಎತ್ತುತ್ತೆ, ಲೈಟು ಕೆಳಗೆ ಇಳಿಯುತ್ತೆ, ಖರೆ. ಆದರೆ ಮುಂದಿನಿಂದ ಹೋದ ಭಾರ ವಾಪಸ್ ಬರೋದಿಲ್ಲ. ಅಮೆರಿಕದಾಗೆ ಅದಕ್ಕೇ ಅಂತ ಉದ್ದ ಸ್ಪ್ರಿಂಗ್ ಕಂಬಿ ಇರೋ ಬ್ಯಾರೆ ನಮೂನಿ ಹಿಚ್ ಹಾಕ್ತಾರೆ, ಅದು ಭಾರಾನ ಮುಂದಕ್ಕೆ ತಳ್ಳುತ್ತೆ. ನಮ್ಮ ಕೊಂಡಿಗೆ ಆ ಭಾಗ್ಯ ಇಲ್ಲ.

ಬಂಡಿ ಹೇರಿದವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಮುಂಭಾರ ಆದ್ರೆ ಎತ್ತಿನ ಹೆಗಲು ಹೋಯ್ತು, ಹಿಂಭಾರ ಆದ್ರೆ ನೊಗ ಮ್ಯಾಲೆದ್ದು ಕೊಳ್ಳಗ್ಗ ಬಿಗೀತು. ಟ್ರೈಲರ್‌ಗೂ ಹಂಗೇ: ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಕೊಂಡಿ ಮ್ಯಾಲೆ ಇರಬೇಕು. ತೀರಾ ಕಡಿಮೆ ಮಾಡಿದ್ರೆ ಸ್ಪೀಡ್ ಏರಿದಂಗೆ ಟ್ರೈಲರ್ ಅತ್ತಿತ್ತ ಬೀಸೋಕೆ ಶುರು ಮಾಡುತ್ತೆ.

ನಿಮ್ಮೂರಾಗೆ ರೈಸ್ ಮಿಲ್ಲಿಗೇನು ಬರ. ಅಲ್ಲಿನ ಲಾರಿ ತೂಗೋ ಕಾಟಾ ಖಾಲಿ ಇರೋ ಹೊತ್ತು ನೋಡಿ ಹೋಗ್ರಿ. ಸಾಮಾನು ತುಂಬಿ, ಟ್ರೈಲರ್ ಹಾಕ್ಕೊಂಡು ನಿಧಾನಕ್ಕೆ ಹತ್ರಿ. ಮುಂದಿನ ಗಾಲಿ ಹತ್ತಿದಾಗ ಒಂದು ತೂಕ, ಪಿಕಪ್‌ನ ನಾಲ್ಕೂ ಗಾಲಿ ಹತ್ತಿ ಟ್ರೈಲರ್ ಇನ್ನೂ ಹೊರಗಿದ್ದಾಗ ಒಂದು ತೂಕ, ಎಲ್ಲಾ ಹತ್ತಿದ ಮ್ಯಾಲೆ ಇನ್ನೊಂದು. ಆಮ್ಯಾಲೆ ಟ್ರೈಲರ್ ಬಿಚ್ಚಿ ಪಿಕಪ್ ಒಂದನ್ನೇ ಹಂಗೇ ತೂಗ್ರಿ. ಚೀಲ ತೂಗೋ ಪ್ಲಾಟ್‌ಫಾರಂ ಕಾಟಾ ಇರುತ್ತಲ್ಲ, ಅದರ ಮ್ಯಾಲೆ ಟ್ರೈಲರ್ ಮೂಕಿ ಇಟ್ಟು ನೋಡ್ರಿ. ಮೂಕಿ ಕೊಂಡಿ ಎಷ್ಟು ಎತ್ತರ ಐತೋ ಅಷ್ಟೇ ಎತ್ತರದಾಗೆ ಇರಲಿ.

ಟೇಪ್ ಹಿಡಿದು ನಾಲ್ಕೂ ಗಾಲಿ ಹತ್ರ ನೆಲದಿಂದ ಮಡ್‌ಗಾರ್ಡ್ ಅಂಚಿಗೂ ಅಳೀರಿ. ಖಾಲಿ ಇದ್ದಾಗ, ತುಂಬಿದಾಗ, ಟ್ರೈಲರ್ ಹಾಕಿದಾಗ. ಎಡ ಬಲ ಬ್ಯಾರೆ ಬ್ಯಾರೆ ಬರೀರಿ.

ಮಸ್ಕಿ ಡಿ-ಮ್ಯಾಕ್ಸ್:

ನಾನು ಏರ್ ಬ್ಯಾಗ್ ಹಾಕಿಸೀನ್ರಿ, ಇಸುಜು ಡಿ-ಮ್ಯಾಕ್ಸ್‌ಗೆ. ಭತ್ತ ನಾಟಿ ಮಾಡೋ ಮಷಿನ್ನು ಟ್ರೈಲರ್ ಮ್ಯಾಲೆ ಇಟಗೊಂಡು ಊರೂರು ತಿರಗ್ತೀನಿ. ಬ್ಯಾಡ ಅಂತ ನಾ ಹೇಳಂಗಿಲ್ಲ. ಮಷಿನ್ ಹೊಲದಾಗ ಇಳಿಸಿದ ಮ್ಯಾಲೆ ಗಾಳಿ ಬಿಟ್ರ ಗಾಡಿ ಮೆತ್ತಗ ಆಗ್ತದ. ಮನಿ ಮಂದೀನ ಕರಕೊಂಡು ಮಂತ್ರಾಲಯಕ್ಕ ಹೋದ್ರೂ ಯಾರೂ ಸೊಂಟ ಹಿಡಕೊಳ್ಳಂಗಿಲ್ಲ. ಪಾಟಾ ಏರಿಸಿದ್ರ ಆ ಸುಖ ಎಲ್ಲಿಂದ ಬರ್ತದ?

ಹಾಕಿಸೋದೇ ಆದ್ರ ಎರಡು ಮಾತು ನೆನಪಿಡ್ರಿ. ಎಡ ಬಲ ಬ್ಯಾಗಿಗೆ ಬ್ಯಾರೆ ಬ್ಯಾರೆ ಪೈಪ್ ಇರಬೇಕು. ರೊಕ್ಕ ಉಳಸಾಕ ಟೀ ಜಾಯಿಂಟ್ ಹಾಕಿ ಎರಡೂ ಪೈಪ್ ಒಂದೇ ಮಾಡಿದ್ರ, ತಿರುವಿನ್ಯಾಗ ಭಾರ ಬಿದ್ದ ಕಡಿ ಗಾಳಿ ಇನ್ನೊಂದು ಕಡಿ ಓಡ್ತದ, ಗಾಡಿ ಇನ್ನಷ್ಟು ವಾಲ್ತದ. ಖಾಲಿ ಇದ್ದಾಗ್ಲೂ ಪೂರ್ತಿ ಗಾಳಿ ಬಿಡಬ್ಯಾಡ್ರಿ, ಐದು ಪಾಯಿಂಟ್ ಆದ್ರೂ ಇರಲಿ. ಇಲ್ಲಂದ್ರ ರಬ್ಬರ್ ಮಡಚಿ ತಿಕ್ಕಿ ತೂತು ಬೀಳ್ತದ. ಗದ್ದಿ ಕೆಸರು ಬ್ಯಾಗಿನ ಮಡಿಕಿನ್ಯಾಗ ಒಣಗಿ ಕುಂತ್ರ ಅದೂ ಅರದಂಗ ಅರೀತದ. ನಾನು ನೀರು ಹೊಡದು ತೊಳೀತೀನಿ. ಸೈಲೆನ್ಸರ್ ಪೈಪಿನ ಕಡಿ ಬ್ಯಾಗಿಗೆ ತಗಡಿನ ಅಡ್ಡ ಇಲ್ಲದ ಬಿಡಬ್ಯಾಡ್ರಿ. ನಮ್ಮ ರಾಯಚೂರು ಬಿಸಿಲು ಸಾಲದಂತ ಅದರ ಬಿಸೀನೂ ಬ್ಯಾಡ.

ಬಳ್ಳಾರಿ ಕಮಾನ್:

ಮಸ್ಕಿಯವರ ಗಾಡಿಗೆ ಅದು ಸರಿಯಾದ ವಸ್ತು. ತೂಕ ಆರ್‌ಸಿ ಒಳಗೈತೆ, ಪಾಟಾ ಗಟ್ಟಿ ಐತೆ, ಒಂದು ದಿನ ಭಾರ ಒಂದು ದಿನ ಖಾಲಿ. ಅಂಥ ಗಾಡಿಗೇ ಏರ್ ಬ್ಯಾಗ್ ಮಾಡಿರೋದು.

ಒಂದು ಸೇರಿಸ್ತೀನಿ, ಇದನ್ನ ಯಾವ ಅಂಗಡಿಯವರೂ ಹೇಳೋದಿಲ್ಲ. ಗಾಡಿ ಕೆಳಗೆ ಮಲಗಿ ಹಿಂದಿನ ಆಕ್ಸಲ್ ನೋಡ್ರಿ. ಕೆಲವು ಪಿಕಪ್‌ಗಳಾಗೆ ಆಕ್ಸಲ್‌ನಿಂದ ಚಾಸಿ ಕಡೆಗೆ ಒಂದು ಸಣ್ಣ ಕಡ್ಡಿ ಇಲ್ಲಾ ಸ್ಪ್ರಿಂಗ್ ಹೋಗಿರುತ್ತೆ, ಅದರ ತುದಿಗೆ ಬ್ರೇಕ್ ಪೈಪ್ ಕೂಡಿದ ವಾಲ್ವ್ ಇರುತ್ತೆ. ಗಾಡಿ ಹಿಂದೆ ಕೂತಷ್ಟೂ ಅದು "ಭಾರ ಐತೆ" ಅಂತ ತಿಳಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತೆ. ಏರ್ ಬ್ಯಾಗ್ ಊದಿ ಗಾಡಿ ಎತ್ತಿಬಿಟ್ರಿ ಅಂತಿಟ್ಟುಕೊಳ್ರಿ. ವಾಲ್ವ್ ಗಾಡಿ ಖಾಲಿ ಐತೆ ಅಂದುಕೊಳ್ಳುತ್ತೆ. ಮ್ಯಾಲೆ ಪೂರ್ತಿ ಲೋಡು, ಹಿಂದೆ ಟ್ರೈಲರ್ ತಳ್ಳುತ್ತೆ, ಹಿಂದಿನ ಬ್ರೇಕ್ ಮಾತ್ರ ಅರ್ಧ. ಆ ಕಡ್ಡಿ ಇದ್ರೆ ಅದರ ಸೆಟ್ಟಿಂಗ್ ತಿಳಿದವರ ಕೈಯಲ್ಲೇ ಕೆಲಸ ಆಗಬೇಕು.

ಲಿಂಗಸುಗೂರು ಪರ್ತ್:

ಊರು ಲಿಂಗಸುಗೂರು, ಈಗ ಆಸ್ಟ್ರೇಲಿಯಾದಾಗ ಅದೀನಿ. ಇಲ್ಲಿ ಕ್ಯಾರವಾನ್ ಎಳೆಯೋ ಡಬಲ್ ಕ್ಯಾಬ್ ಪಿಕಪ್‌ಗಳ ಚಾಸಿ ಬಗ್ಗಿದ ಫೋಟೋ ಬಹಳ ನೋಡೀನಿ. ಪಾಟಾ ಅಂದ್ರ ಭಾರಾನ ಮುಂದೊಂದು ಹಿಂದೊಂದು ಎರಡು ಕಡಿ ಚಾಸಿಗೆ ಕೊಡ್ತದ. ಬ್ಯಾಗ್ ಆಕ್ಸಲ್ ಮ್ಯಾಲೆ ಒಂದೇ ಜಾಗದಾಗ ಒತ್ತತದ. ಹಿಂದ ಕೊಂಡಿ ಮ್ಯಾಲೆ ಓವರ್‌ಲೋಡ್, ನಡುವ ಗಟ್ಟಿ ಊದಿದ ಬ್ಯಾಗು, ಮ್ಯಾಲೆ ಒಂದು ದೊಡ್ಡ ತೆಗ್ಗು: ಅಲ್ಲೇ ಮಡಚತದ. ಲೋಡು ಲಿಮಿಟ್ಟಿನ್ಯಾಗ ಇದ್ದವರಿಗೆ ಭಯ ಇಲ್ಲ.

ಗಂಗಾವತಿ ಶಾಮಿಯಾನ:

ಕಾಟಾ ಮಾಡಿಸಿಕೊಂಡು ಬಂದೀನ್ರಿ. ಕಾಟಾದ ಹುಡುಗ "ಯಾಕಣ್ಣ, ಜನರೇಟರ್ ಗುಜರಿಗೆ ಹಾಕ್ತೀಯೇನು" ಅಂತ ಕೇಳಿದ. ಚಾ ಕುಡಿಸಿದ ಮ್ಯಾಲೆ ಅವನೇ ಪ್ಲಾಟ್‌ಫಾರಂ ಕಾಟಾ ಎಳಕೊಂಡು ಬಂದ.

ಪಿಕಪ್ ಒಂದೇ, ಸಾಮಾನು ತುಂಬಿ: ಮುಂದ 1,020, ಹಿಂದ 1,640. ಟ್ರೈಲರ್ ಹಾಕಿದ ಮ್ಯಾಲೆ ಮುಂದ 940, ಹಿಂದ 1,930. ಎಲ್ಲಾ ಕೂಡಿ 4,000. ಮೂಕಿ 210 ತೋರಿಸ್ತು. ನಾವು ಮೂರು ಮಂದಿ ಕುಂತ್ರೂ ಪಿಕಪ್ ಆರ್‌ಸಿ ತೂಕಕ್ಕ ಇನ್ನೂ 400 ಕೆಜಿ ಹತ್ರ ಜಾಗ ಐತಿ.

ಎತ್ತರ: ಹಿಂದ ಬಲಗಡೆ ಖಾಲಿ 92 ಸೆಂ.ಮೀ., ಎಲ್ಲಾ ಹಾಕಿದ್ರ 83. ಎಡಗಡೆ ಖಾಲಿ 90, ಎಲ್ಲಾ ಹಾಕಿದ್ರ 79. ಮುಂದ ಒಂದೂವರಿ ಸೆಂ.ಮೀ. ಎದ್ದೈತಿ. ನೀವು ಹೇಳಿದ ಆ ವಾಲ್ವ್ ಕಡ್ಡಿ ಐತ್ರಿ, ನೋಡೀನಿ.

ಬಳ್ಳಾರಿ ಕಮಾನ್:

ಇಷ್ಟು ಬರೆದ್ರಲ್ಲ, ಈಗ ಮಾತಾಡೋಕೆ ಬರುತ್ತೆ.

ಟ್ರೈಲರ್ 1,340. ಕೊಂಡಿ ಮ್ಯಾಲೆ 210 ಅಂದ್ರೆ ಆರರಲ್ಲಿ ಒಂದು ಪಾಲಿಗೆ ಹತ್ತಿರ. ಮುಂಭಾರ ಜಾಸ್ತಿ ಆಯ್ತು. ಆ 210 ಹೋಗಿ ಹಿಂದಿನ ಆಕ್ಸಲ್ ಮ್ಯಾಲೆ 290 ಆಗೈತೆ, ಮುಂದೆ 80 ಕಡಿಮೆ ಆಗೈತೆ ನೋಡ್ರಿ, ಕಾಟಾನೇ ಹೇಳುತ್ತೆ. ಜನರೇಟರ್‌ನ ಹಿಂದಕ್ಕೆ ಸರಿಸ್ರಿ. ಸೆಟ್ಟು ಎಷ್ಟು ತೂಕ, ಕೊಂಡಿಯಿಂದ ಟ್ರೈಲರ್ ಆಕ್ಸಲ್‌ಗೆ ಎಷ್ಟು ದೂರ ಹೇಳಿದ್ರೆ ಎಷ್ಟು ಇಂಚು ಅಂತ ಹೇಳ್ತೀನಿ. ಡೀಸೆಲ್ ಟ್ಯಾಂಕ್ ಯಾವ ತುದಿಗೈತೆ ಅನ್ನೋದೂ ನೋಡ್ರಿ, 60 ಲೀಟರ್ ಅಂದ್ರೆ 50 ಕೆಜಿ. ತುಂಬಿದಾಗ್ಲೇ ತೂಗಬೇಕು.

ಇನ್ನೊಂದು, ಎಡಗಡೆ. ಖಾಲಿ ಇದ್ದಾಗ್ಲೇ 2 ಸೆಂ.ಮೀ. ತಗ್ಗು, ಭಾರ ಬಿದ್ರೆ 4. ಭಾರ ಬಿದ್ದಷ್ಟೂ ಫರಕು ಜಾಸ್ತಿ ಆಗೈತೆ ಅಂದ್ರೆ ಆ ಕಡೆ ಪಾಟಾ ಸೋತೈತೆ ಇಲ್ಲಾ ಕಟ್ಟಿನಾಗಿನ ಒಂದು ಎಲೆ (ಪಟ್ಟಿ) ಮುರಿದೈತೆ. 1.7 ಟನ್ ಹೊರೋ ಗಾಡಿ, ಸಾಮಾನು ಕೊಂಡಿ ಭಾರ ಎಲ್ಲಾ ಕೂಡಿ ಸುಮಾರು 1,200 ಕೆಜಿಗೇ ಸ್ಟಾಪರ್ ಬಡಿಯೋದು ಗುಣ ಅಲ್ಲ. ಎಡಗಡೆ ಕಟ್ಟಿನ ಯು ಬೋಲ್ಟ್ ಪಕ್ಕ ವೈರ್ ಬ್ರಷ್ ಹೊಡೆದು ಮಣ್ಣು ಕೆರೀರಿ. ಎಲೆ ಅಡ್ಡಕ್ಕೆ ಕೂದಲೆಳೆಯಂಥ ಕೆಂಪು ತುಕ್ಕಿನ ಗೆರೆ ಕಂಡ್ರೆ ಅದು ಒಡೆದಿದ್ದೇ. ನಡು ಬೋಲ್ಟಿನ ತೂತಿನ ಹತ್ರಾನೇ ಬಹಳ ಒಡೆಯೋದು, ಕ್ಲಾಂಪಿನ ಕೆಳಗೆ ಬಿಚ್ಚೋವರೆಗೂ ಗೊತ್ತಾಗೋದಿಲ್ಲ. ಮುರಿದ ಪಾಟಾದ ಮ್ಯಾಲೆ ಏರ್ ಬ್ಯಾಗ್ ಹಾಕಿಸಿದ್ರೆ ಗಾಡಿ ನೆಟ್ಟಗೆ ನಿಲ್ಲುತ್ತೆ, ಕೆಳಗೆ ಉಳಿದ ಎಲೆಗಳೂ ಒಂದೊಂದೇ ಹೋಗ್ತವೆ.

ಗಂಗಾವತಿ ಶಾಮಿಯಾನ:

ಸೆಟ್ಟು 980 ಕೆಜಿ, ಕೊಂಡಿಯಿಂದ ಆಕ್ಸಲ್‌ಗೆ 2.4 ಮೀಟರ್ ಐತ್ರಿ. ಟ್ಯಾಂಕ್ ಮುಂದಿನ ತುದಿಗೆ, ತುಂಬಿತ್ತು.

ಬಳ್ಳಾರಿ ಕಮಾನ್:

7 ಇಂಚು ಹಿಂದಕ್ಕೆ. ಕೊಂಡಿ ಮ್ಯಾಲಿನ ಭಾರ 70 ಕೆಜಿ ಚಿಲ್ಲರೆ ಕಡಿಮೆ ಆಗುತ್ತೆ, 140ರ ಹತ್ರ ನಿಲ್ಲುತ್ತೆ. ಬೋಲ್ಟ್ ತೂತು ಹೊಸದಾಗಿ ಹೊಡೆಯೋ ಮುಂಚೆ ಕೆಳಗೆ ಅಡ್ಡ ಆಂಗ್ಲರ್ ಐತೇನು ನೋಡಿಕೊಳ್ರಿ, ಬರೀ ತಗಡಿಗೆ ಬೋಲ್ಟ್ ಹಾಕಬ್ಯಾಡ್ರಿ. ಡಬ್ಬಿಯಾಗಿನ ಕೇಬಲ್ ಡ್ರಮ್ ಹಿಂದಿನ ಬಾಗಿಲ ಹತ್ರ ಇರುತ್ತಲ್ಲ, ಇಳಿಸೋಕೆ ಸಲೀಸು ಅಂತ? ಕ್ಯಾಬಿನ್ನಿಗೆ ಒತ್ತಿ ಇಡ್ರಿ.

ಗಂಗಾವತಿ ಶಾಮಿಯಾನ:

ಹುಡುಗರು ಡ್ರಮ್ ಮುಂದ ಇಡಾಕ ಗೊಣಗ್ತಾರ, ಇರಲಿ.

ಎಡಗಡೆ ಕಟ್ಟು ಬಿಚ್ಚಿಸಿದೆ. ಮ್ಯಾಲಿಂದ ಮೂರನೇ ಎಲಿ ನಡು ಬೋಲ್ಟ್ ತೂತಿಗೇ ಎರಡು ತುಂಡು. ಹೊಸಾ ಎಲಿ ಹಾಕಿಸಿ, ಬಲಗಡೀನೂ ಬಿಚ್ಚಿ ನೋಡಿ, ಎರಡೂ ಕಡಿ ಬುಷ್ ಬದಲಿ ಮಾಡಿಸೀನಿ. ಜನರೇಟರ್ 7 ಇಂಚು ಸರಿಸಿದ ಮ್ಯಾಲೆ ಮೂಕಿ 140 ಬಂತು. ಹಿಂದಿನ ಆಕ್ಸಲ್ 1,800ಕ್ಕ ಇಳಿದೈತಿ. ಎಡ ಬಲ ಈಗ ಸಮ, ಎಲ್ಲಾ ಹಾಕಿದ್ರ 85 ಸೆಂ.ಮೀ. ನಿನ್ನೆ ರಾತ್ರಿ ಕನಕಗಿರಿಗೆ ಹೋಗಿ ಬಂದೆ, ಹಂಪ್ ಹಾರಿದ್ರೂ ಸ್ಟಾಪರ್‌ಗೆ ಬಡೀಲಿಲ್ಲ. ಡಿಪ್ಪರ್ ಹೊಡಿಯೋರು ಹೊಡೀತಾರ, ಮೊದಲಿನಷ್ಟಿಲ್ಲ.

ಏರ್ ಬ್ಯಾಗ್ ಸದ್ಯಕ್ಕ ಬಿಟ್ಟೀನಿ. ಮಸ್ಕಿಯವ್ರು ಬ್ಯಾಸರ ಮಾಡಬ್ಯಾಡ್ರಿ. ಉಳಿದ ರೊಕ್ಕದಾಗ ಟ್ರೈಲರ್‌ಗೆ ಬ್ರೇಕ್ ಮಾಡಿಸಬೇಕಂತೀನಿ. 1,340 ಕೆಜಿ ಹಿಂದಿಂದ ತಳ್ಳತೈತಿ, ಈಗ ಬ್ರೇಕ್ ಅನ್ನೋದು ಪಿಕಪ್‌ಗೆ ಅಷ್ಟೇ ಐತಿ. ಮೂಕಿ ಒಳಗ ಸರಿದು ತಾನೇ ಬ್ರೇಕ್ ಹಿಡಿಯೋ ನಮೂನಿ ಹಾಕಿಸಬೇಕೋ, ಬ್ಯಾರೇದು ಏನರ ಐತೋ?

ಬಳ್ಳಾರಿ ಕಮಾನ್:

ಅದನ್ನೇ ಹಾಕಿಸ್ರಿ. ರಿವರ್ಸ್ ಹೋಗೋವಾಗ ಬ್ರೇಕ್ ಹಿಡಿಯದಂಗೆ ಲಾಕ್ ಇರೋದು ಕೇಳಿ ತಗೊಳ್ರಿ. ಇಲ್ಲಂದ್ರೆ ಮದುವೆ ಮಂಟಪದ ಸಂದಿಯಾಗೆ ಹಿಂದಕ್ಕೆ ಹಾಕೋವಾಗ ಇಳಿದು ನೂಕಬೇಕಾಗುತ್ತೆ. ಮೂಕಿ ತುದಿಯಿಂದ ಪಿಕಪ್‌ಗೆ ಒಂದು ಸರಪಳಿನೂ ಇರಲಿ. ಬ್ರೇಕ್ ಕೂಡಿಸಿದ ಮ್ಯಾಲೆ ಮೂಕಿ ತೂಕ ಬದಲಾಗಿರುತ್ತೆ, ಇನ್ನೊಂದು ಸಲ ಪ್ಲಾಟ್‌ಫಾರಂ ಕಾಟಾದ ಮ್ಯಾಲೆ ಇಟ್ಟು ನೋಡ್ರಿ.