ಬಂಗಡೆ ರಕ್ತದಲ್ಲಿ ನ್ಯೂಕ್ಲಿಯಸ್ ಕಾಣ್ತು, ನಮ್ಮ ರಕ್ತದಲ್ಲಿ ಯಾಕಿಲ್ಲ?

ಕೋಡಿಬಾಗ ಹುಡುಗಿ:
ನಮಸ್ಕಾರ, ಕಾರವಾರದಲ್ಲಿ ಫಸ್ಟ್ ಪಿಯುಸಿ ಓದ್ತಾ ಇದ್ದೇನೆ. ಮೊನ್ನೆ ಪ್ರಾಕ್ಟಿಕಲಲ್ಲಿ ನಮ್ಮದೇ ಬೆರಳಿನ ರಕ್ತದ ಸ್ಲೈಡ್ ನೋಡಿದ್ವಿ, ಕೆಂಪುಕಣ ಎಲ್ಲಾ ದುಂಡಗೆ, ನಡುವೆ ಸ್ವಲ್ಪ ತೆಳ್ಳಗೆ, ಒಳಗೆ ಏನೂ ಇಲ್ಲ. ಮರುದಿನ ಬೆಳಿಗ್ಗೆ ಆಯಿ ಮೀನುಪೇಟೆಯಿಂದ ತಾಜಾ ಬಂಗಡೆ ತಂದಿದ್ರು, ಕೊಯ್ಯುವಾಗ ಕಿವಿರಿನ ಹತ್ರ ಬಂದ ರಕ್ತ ಒಂದು ಹನಿ ಸ್ಲೈಡ್ ಮೇಲೆ ಎಳ್ಕೊಂಡು ಒಣಗಿಸಿ ಕಾಲೇಜಿಗೆ ತಗೊಂಡು ಹೋದೆ, ಮೇಡಂ ಅದಕ್ಕೂ ನಮ್ಮ ರಕ್ತಕ್ಕೆ ಹಾಕಿದ್ದ ಲೀಶ್‌ಮನ್ ಸ್ಟೇನನ್ನೇ (ಕಣ ಕಾಣೋಕೆ ಹಾಕೋ ಬಣ್ಣ) ಹಾಕಿಕೊಟ್ರು. ನೋಡಿದ್ರೆ ಕಣಗಳು ಮೊಟ್ಟೆ ಆಕಾರ, ಪ್ರತಿಯೊಂದರ ನಡುವೆ ನೇರಳೆ ಚುಕ್ಕೆ! ಮೊದ್ಲು ಬಿಳಿಕಣ ಇರ್ಬೇಕು ಅಂದ್ಕೊಂಡೆ, ಆದ್ರೆ ಎಲ್ಲಾ ಕಣದಲ್ಲೂ ಇದೆ, ಎಲ್ಲಾನೂ ಬಿಳಿಕಣ ಆಗೋಕೆ ಸಾಧ್ಯ ಇಲ್ವಲ್ಲ. ನೋಟ್ಸಲ್ಲಿ ಕೆಂಪುಕಣಕ್ಕೆ ನ್ಯೂಕ್ಲಿಯಸ್ (ಡಿಎನ್‌ಎ ಇರೋ ಕೋಶಕೇಂದ್ರ) ಇಲ್ಲ ಅಂತ ಬರ್ಸಿದ್ದಾರೆ. ಮತ್ತೆ ನ್ಯೂಕ್ಲಿಯಸ್ಸೇ ಇಲ್ಲದಿದ್ರೆ ನಮ್ಮ ಕೆಂಪುಕಣ ಬದುಕೋದು ಹೇಗೆ? ಅದನ್ನ ಜೀವಕೋಶ ಅಂತ ಕರೀಬಹುದಾ?

ಕುಮಟಾ ಲ್ಯಾಬ್:
ನೀವು ನೋಡಿದ್ದು ಸರಿ ಇದೆ, ಅದು ನ್ಯೂಕ್ಲಿಯಸ್ಸೇ. ಮೀನು, ಕಪ್ಪೆ, ಹಾವು, ಕೋಳಿ ಎಲ್ಲದರ ಕೆಂಪುಕಣದಲ್ಲೂ ಇರ್ತದೆ. ನಿಮ್ಮ ನೋಟ್ಸಿನ ಮಾತು ನಮ್ಮಂಥ ಸಸ್ತನಿಗಳಿಗೆ ಮಾತ್ರ.

ನಾನು ದಿನಾ ರಕ್ತದ ಸ್ಲೈಡ್ ನೋಡೋನು, ಒಂದು ವಿಷಯ ಸೇರಿಸ್ತೇನೆ. ನಮ್ಮಲ್ಲೂ ಕೆಂಪುಕಣ ಹುಟ್ಟುವಾಗ ನ್ಯೂಕ್ಲಿಯಸ್ ಇರ್ತದೆ, ಮೂಳೆ ಮಜ್ಜೆಯ ಒಳಗೆ ಬೆಳೀತಾ ಬೆಳೀತಾ ಅದನ್ನ ಹೊರಗೆ ದಬ್ಬಿಬಿಡ್ತದೆ. ಮಜ್ಜೆಯಿಂದ ಈಗಷ್ಟೇ ರಕ್ತಕ್ಕೆ ಬಂದ ಎಳೆಕಣದಲ್ಲಿ ರೈಬೊಸೋಮ್ (ಪ್ರೋಟೀನ್ ಮಾಡೋ ಸಣ್ಣ ಕಣ) ಇನ್ನೂ ಒಂದೆರಡು ದಿನ ಉಳ್ಕೊಂಡಿರ್ತದೆ, ನ್ಯೂ ಮಿಥಿಲೀನ್ ಬ್ಲೂ ಅನ್ನೋ ಬಣ್ಣ ಹಾಕಿದ್ರೆ ನೀಲಿ ಬಲೆ ಹಾಗೆ ಕಾಣ್ತದೆ. ಡಾಕ್ಟ್ರು ರೆಟಿಕ್ ಕೌಂಟ್ ಅಂತ ಚೀಟಿಯಲ್ಲಿ ಬರೀತಾರಲ್ಲ, ಅದು ಇದನ್ನ ಎಣಿಸೋದೇ. ಕಬ್ಬಿಣಾಂಶ ಕಡಿಮೆ ಆಗಿ ರಕ್ತ ಕಮ್ಮಿ ಇರೋರಿಗೆ ಐರನ್ ಮಾತ್ರೆ ಶುರು ಮಾಡಿ ಕೆಲವು ದಿನ ಆದ್ಮೇಲೆ ಈ ಎಳೆಕಣ ಜಾಸ್ತಿ ಆದ್ರೆ ಮಜ್ಜೆ ಚುರುಕಾಯ್ತು ಅಂತ ನಮಗೆ ಗೊತ್ತಾಗ್ತದೆ.

ಶಿರಸಿ ಮೇಷ್ಟ್ರು:
ತಂಗೀ, ನಿನ್ನ ಪ್ರಶ್ನೆ ಓದಿ ಬಹಳ ಖುಷಿ ಆಯ್ತು. ನ್ಯೂಕ್ಲಿಯಸ್ಸನ್ನ ಮನುಷ್ಯ ಮೊದಲು ಕಂಡಿದ್ದೇ ಬಹುಶಃ ಮೀನಿನ ರಕ್ತದಲ್ಲಿ, ಹಾಲೆಂಡಿನ ಲೀವೆನ್‌ಹುಕ್ ಸಾಲ್ಮನ್ ಮೀನಿನ ಕೆಂಪುಕಣದ ನಡುವೆ ಇದೇ ಚುಕ್ಕೆ ನೋಡಿ ಚಿತ್ರ ಬರೆದಿದ್ದ. ಅದಕ್ಕೆ ನ್ಯೂಕ್ಲಿಯಸ್ ಅನ್ನೋ ಹೆಸರು ಬಂದಿದ್ದು ಆಮೇಲೆ, 1831ರಲ್ಲಿ, ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶ ನೋಡುವಾಗ. ನಮ್ಮ ಕಡೆ ಮರದ ಮೇಲೆ ಸೀತಾಳೆ ದಂಡೆ ಬಿಡ್ತದಲ್ಲ, ಅದೂ ಆರ್ಕಿಡ್ಡೇ.

ಈಗ ಬದುಕೋ ವಿಷಯ. ನಮ್ಮ ಕೆಂಪುಕಣದಲ್ಲಿ ನ್ಯೂಕ್ಲಿಯಸ್ ಅಷ್ಟೇ ಅಲ್ಲ, ಬಲಿತ ಮೇಲೆ ಮೈಟೊಕಾಂಡ್ರಿಯಾ, ರೈಬೊಸೋಮ್ ಯಾವುದೂ ಇರೋದಿಲ್ಲ, ಉಳಿಯೋದು ಹೊರಗಿನ ಪೊರೆ ಮತ್ತೆ ಒಳಗೆ ಗಿಡಿದು ತುಂಬಿದ ಹಿಮೋಗ್ಲೋಬಿನ್. ಮೈಟೊಕಾಂಡ್ರಿಯಾ ಆಮ್ಲಜನಕ ಬಳಸಿ ಶಕ್ತಿ ಮಾಡೋದು, ಆಮ್ಲಜನಕ ಹೊರೋ ಕಣದೊಳಗೆ ಅದಿಲ್ಲ ಅಂದ್ರೆ ಹೊತ್ತ ಸಾಮಾನು ದಾರಿಯಲ್ಲಿ ಖರ್ಚಾಗೋದಿಲ್ಲ. ಕಣ ತನಗೆ ಬೇಕಾದಷ್ಟು ಶಕ್ತಿ ಗ್ಲುಕೋಸ್ ಒಡೆದು, ಆಮ್ಲಜನಕ ಮುಟ್ಟದೇ ಮಾಡ್ಕೊಳ್ತದೆ. ಆದ್ರೆ ಪ್ರೋಟೀನ್ ಹಾಳಾದ್ರೆ ಹೊಸದು ಮಾಡೋಕೆ ಡಿಎನ್‌ಎನೂ ಇಲ್ಲ ರೈಬೊಸೋಮೂ ಇಲ್ಲ, ಹಾಗಾಗಿ ಆಯುಷ್ಯ ಸುಮಾರು 120 ದಿನ, ಆಮೇಲೆ ಸ್ಪ್ಲೀನ್ ಮತ್ತೆ ಲಿವರಿನಲ್ಲಿರೋ ದೊಡ್ಡ ಕೋಶಗಳು ಅದನ್ನ ನುಂಗಿ ತಮ್ಮ ಲೈಸೊಸೋಮಿನಲ್ಲಿ, ಅಂದ್ರೆ ಜೀರ್ಣ ಮಾಡೋ ಕಿಣ್ವ ತುಂಬಿದ ಸಣ್ಣ ಚೀಲದಲ್ಲಿ, ಕರಗಿಸಿ ಕಬ್ಬಿಣವನ್ನ ವಾಪಸ್ ಬಳಕೆಗೆ ಕೊಡ್ತಾವೆ. ಅದಕ್ಕೇ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಹಾಕ್ತಾನೇ ಇರ್ಬೇಕು. ಜೀವಕೋಶ ಅಂತಲೇ ಕರೀತೇವೆ, ಧೈರ್ಯವಾಗಿ ಬರಿ.

ಪುಸ್ತಕದ ಚಿತ್ರದಲ್ಲಿ ಎಲ್ಲಾ ಭಾಗ ಒಂದೇ ಕೋಶದಲ್ಲಿ ಸಮ ಸಮ ಬರೆದಿರ್ತಾರೆ, ಅಂಥ ಕೋಶ ಮೈಯಲ್ಲಿ ಎಲ್ಲೂ ಸಿಗೋದಿಲ್ಲ, ನಾನು ಪಾಠ ಮಾಡುವಾಗಲೂ ಇದನ್ನ ಮೊದಲ ದಿನವೇ ಹೇಳ್ತಿದ್ದೆ. ಕೋಶದ ಕೆಲಸ ಏನು ಅಂತ ಮೊದ್ಲು ಕೇಳು, ಒಳಗೆ ಏನು ಜಾಸ್ತಿ ಇರ್ತದೆ ಅಂತ ತಾನಾಗೇ ಹೊಳೀತದೆ. ಪ್ಯಾಂಕ್ರಿಯಾಸಿನ ಕೋಶ ದಿನವಿಡೀ ಜೀರ್ಣರಸದ ಪ್ರೋಟೀನ್ ಮಾಡಿ ಹೊರಗೆ ಕಳಿಸ್ಬೇಕು, ಹಾಗಾಗಿ ಅದರ ತುಂಬ ರೈಬೊಸೋಮ್ ಅಂಟಿದ ಒರಟು ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಕೋಶದೊಳಗಿನ ಪೊರೆಗಳ ಜಾಲ), ಪಕ್ಕದಲ್ಲಿ ಮಾಲು ತಿದ್ದಿ ಪೊಟ್ಟಣ ಕಟ್ಟೋ ದೊಡ್ಡ ಗಾಲ್ಗಿ. ಲಿವರ್ ಕೋಶ ಔಷಧಿ, ವಿಷ ಇಂಥದ್ದನ್ನೆಲ್ಲ ಸಂಭಾಳಿಸ್ಬೇಕು, ಅಲ್ಲಿ ರೈಬೊಸೋಮ್ ಅಂಟದ ನಯ ಇಆರ್ ಜಾಸ್ತಿ. ಇನ್ನು ನಿನ್ನ ಬಂಗಡೆಯನ್ನೇ ತಗೋ, ಚರ್ಮದ ಕೆಳಗೆ ಪಕ್ಕೆಯ ಉದ್ದಕ್ಕೆ ಕಪ್ಪು ಕೆಂಪು ಮಾಂಸದ ಪಟ್ಟಿ ಇರ್ತದಲ್ಲ? ಬಂಗಡೆ ನಿಲ್ಲದೇ ಈಜೋ ಮೀನು, ಆ ಪಟ್ಟಿಯ ಸ್ನಾಯುಕೋಶದಲ್ಲಿ ಮೈಟೊಕಾಂಡ್ರಿಯಾ ತುಂಬಿರ್ತದೆ, ಆಮ್ಲಜನಕ ಹಿಡಿದಿಡೋ ಮಯೋಗ್ಲೋಬಿನ್ನಿಂದ ಆ ಬಣ್ಣ. ಒಳಗಿನ ಬಿಳಿ ಮಾಂಸ ಗಕ್ಕನೆ ಹಾರಿ ಓಡೋಕೆ, ಅಲ್ಲಿ ಮೈಟೊಕಾಂಡ್ರಿಯಾ ಕಡಿಮೆ.

ಬೈತಖೋಲ್ ಬೋಟು:
ಮೇಷ್ಟ್ರೇ, ಓದ್ತಾ ಇದ್ದೆ, ನಂದೊಂದು ಕೇಳ್ಲಾ. ಬೋಟಲ್ಲಿ ಐಸ್ ಕಡಿಮೆ ಆದ ದಿನ ಬಂಗಡೆ ಹೊಟ್ಟೆ ಬೇಗ ಒಡೀತದೆ, ಮಾಂಸ ಮೆತ್ತಗಾಗ್ತದೆ, ರೇಟು ಅರ್ಧಕ್ಕರ್ಧ ಹೋಗ್ತದೆ. ಇದಕ್ಕೂ ನೀವು ಹೇಳಿದ ಲೈಸೊಸೋಮಿಗೂ ಸಂಬಂಧ ಉಂಟಾ?

ಶಿರಸಿ ಮೇಷ್ಟ್ರು:
ಉಂಟು ಮಾರಾಯ. ಹೊಟ್ಟೆ ಒಡೆಯೋದು ಹೆಚ್ಚಾಗಿ ಮೀನಿನ ಕರುಳಿನ ಜೀರ್ಣರಸದಿಂದ, ತಿಂದು ಹೊಟ್ಟೆ ತುಂಬಿದ ಮೀನಾದ್ರೆ ಇನ್ನೂ ಬೇಗ. ಮಾಂಸ ಮೆತ್ತಗಾಗೋದ್ರಲ್ಲಿ ಲೈಸೊಸೋಮಿನ ಕಿಣ್ವಗಳ ಪಾಲೂ ಇದೆ, ಜೀವ ಇರುವಾಗ ಪೊರೆಯೊಳಗೆ ಕಟ್ಟಿಟ್ಟ ಅವು ಸತ್ತ ಮೇಲೆ ಪೊರೆ ಸೋರಿ ಹೊರಗೆ ಬಂದು ಕೋಶದ ಪ್ರೋಟೀನನ್ನೇ ಕತ್ತರಿಸ್ತಾವೆ. ಬ್ಯಾಕ್ಟೀರಿಯಾ ಕೆಲಸವೂ ಸೇರ್ತದೆ. ಐಸ್ ಇದೆಲ್ಲವನ್ನೂ ನಿಧಾನ ಮಾಡ್ತದೆ, ನಿಲ್ಲಿಸೋದಿಲ್ಲ. ಬಲೆಯಿಂದ ತೆಗೆದ ಕೂಡ್ಲೇ ಐಸ್ ಬೀಳ್ಬೇಕು ಅನ್ನೋದು ಅದಕ್ಕೇ.

ಕೋಡಿಬಾಗ ಹುಡುಗಿ:
ಸರ್, ಲ್ಯಾಬ್ ಅಣ್ಣ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು, ಎರಡನೇ ಹನಿ ರಕ್ತಕ್ಕೆ ಸ್ವಲ್ಪ ನಲ್ಲಿ ನೀರು ಸೇರಿಸಿದ್ದೆ, ಅದರಲ್ಲಿ ಕಣವೇ ಕಾಣ್ಲಿಲ್ಲ, ಬರೀ ಚುಕ್ಕೆಗಳಷ್ಟೇ.

ಕುಮಟಾ ಲ್ಯಾಬ್:
ಬರೀ ನೀರು ಹಾಕಿದ್ರೆ ಒಡೆದೇ ಹೋಗ್ತದೆ ತಂಗಿ. ಪ್ರಾಣಿಕೋಶಕ್ಕೆ ಗಿಡದ ಕೋಶದ ಹಾಗೆ ಗಟ್ಟಿ ಗೋಡೆ ಇಲ್ಲ, ನೀರು ಒಳಗೆ ನುಗ್ಗಿ ಉಬ್ಬಿ ಪೊರೆ ಹರೀತದೆ, ನ್ಯೂಕ್ಲಿಯಸ್ ಮಾತ್ರ ಉಳೀತದೆ. 0.9% ಉಪ್ಪುನೀರು ಮಾಡ್ಕೊಳ್ಳಿ, 100 ಎಂಎಲ್ ನೀರಿಗೆ 0.9 ಗ್ರಾಂ ಉಪ್ಪು. ಸಮುದ್ರದ ನೀರು ಬೇಡ, ಅದು ತುಂಬಾ ಉಪ್ಪು, ಕಣ ಸುಕ್ಕಾಗ್ತದೆ. ಕೋಳಿ ಅಂಗಡಿಯಿಂದ ಒಂದು ಹನಿ ಸಿಕ್ಕಿದ್ರೆ ಅದನ್ನೂ ಹಾಕಿ ನೋಡಿ, ನಿಮ್ಮ ರಕ್ತ, ಬಂಗಡೆ, ಕೋಳಿ ಮೂರೂ ಪಕ್ಕ ಪಕ್ಕ ಇಟ್ಟು ಫೋಟೋ ಇಲ್ಲಿ ಹಾಕಿ.